ನಡುವೆ ಟೀಗೆ ನಿಂತ ವಿಮಾನ

…ನಗಬೇಡ ಅನಸೂಯಮ್ಮ! ಶಿಡ್ಲಘಟ್ಟದಿಂದ ಹೊರಟು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಈ ಹಾಳು ಮಂಡಿನೋವು ಹೊತ್ಕೊಂಡು ಗೌರಿಬಿದನೂರಿಗೆ ಬಂದಿದ್ದು ನಿನ್ನ ನಗಿಸೋಕಲ್ಲ. ಶುಕ್ರವಾರ ನಿನ್ನ ಮಗಳ ಒಪ್ಪಿಗೆ ಶಾಸ್ತ್ರ. ಹುಡುಗ ರಾಮಾಂಜಿನಪ್ಪ ಯಾರು? ನನ್ನ ತಮ್ಮನ ಮಗ. ನನ್ನ ರಕ್ತ! ಆದರೂ ಹೇಳ್ತೀನಿ… ಅವನು ಕೆಲಸಕ್ಕಿದಾನಲ್ಲ, ಆ ನಿಕೋಬಾರ್ ದ್ವೀಪದಲ್ಲೇ ಅವನಿಗೊಂದು ಸಂಸಾರ ಇದೆ. ಕಣ್ಣಾರೆ ಕಂಡೆ. ಒಬ್ಬಳು ಹೆಂಗಸು, ಕಂಕುಳಲ್ಲಿ ಕೂಸು. ಕೂಸಿನ ಮೂಗು ಥೇಟ್ ನಮ್ಮ ಮನೇದು!

ಹೆಂಗೆ ಹೋದೆ ಅಂತೀಯಾ? ನನ್ನ ಹಿರೀ ಮಗ ಪೋರ್ಟ್ ಬ್ಲೇರಲ್ಲಿ ಟೆಲಿಗ್ರಾಫ್ ಕೆಲಸದಲ್ಲಿಲ್ವೇ? ಅದೂ ದ್ವೀಪಾನೇ. ಹೋದ ವರ್ಷ ಕರೆಸಿಕೊಂಡಿದ್ದ. ಮದ್ರಾಸಿಂದ ಹಡಗು. ಅಯ್ಯೋ, ಆ ಮಾತು ಬಿಡು! ದಾರಿಯುದ್ದಕ್ಕೂ ಬಕೀಟು ತಬ್ಬಿಕೊಂಡೇ ಕೂತಿದ್ದೆ. ಕಟ್ಟಿಕೊಂಡ ಗಂಡನನ್ನೂ ಹಾಗೆ ತಬ್ಬಿದೋಳಲ್ಲ ಈ ಅಕ್ಕಯಮ್ಮ… ನಗು, ನಗು.

ಆ ದ್ವೀಪದಿಂದ ರಾಮಾಂಜಿ ಇರೋ ದ್ವೀಪಕ್ಕೆ ವಿಮಾನ. ದೂರಾನಾ? ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋದಂಗೆ. ಬೆಳಿಗ್ಗೆ ಹತ್ತಿದ್ವಿ, ಮುದ್ದೆ ಊಟದ ಹೊತ್ತಿಗೆ ಇಳಿದ್ವಿ. ಸೀಟೆಲ್ಲಾ ತುಂಬೋವರೆಗೂ ಡ್ರೈವರು ಹೊರಡಲೇ ಇಲ್ಲ. ನಮ್ಮ ಪ್ರೈವೇಟ್ ಬಸ್ಸಿನೋರ ಬುದ್ಧೀನೇ! ನಡುವೆ ಟೀಗೆ ನಿಲ್ಲಿಸಿದ…

ಯಾಕೆ ಹುಬ್ಬೇರಿಸ್ತೀಯ? ಕೆಳಗೆ ಬರೀ ಸಮುದ್ರ, ಎಲ್ಲಿ ನಿಲ್ಲಿಸ್ತಾನೆ ಅಂತಾನಾ? ಮೇಲೇ ನಿಲ್ಲಿಸಿದ ಕಣಮ್ಮ! ಆಕಾಶದಲ್ಲಿ! ಟೀ ಕುಡಿದ್ವಿ, ಲೋಟ ವಾಪಸ್ ಕೊಟ್ವಿ, ಆಮೇಲೆ ಹೊರಟ. ಎರಡನೇ ಕ್ಲಾಸು ದಾಟದೋಳು, ವಿಮಾನದ ವಿದ್ಯೆ ನನಗೇನು ಗೊತ್ತು? ಕಂಡಿದ್ದು ಹೇಳ್ತೀನಿ.

ಯಾಕಮ್ಮ ಎದ್ದೆ? ಗೋಡೆ ಮೇಲಿನ ಫೋಟೋ ಯಾಕೆ ಇಳಿಸ್ತೀಯ? ಕೊಡಿಲ್ಲಿ… ಇದು ನಿನ್ನ ಯಜಮಾನರು ವೆಂಕಟರಾಮಪ್ಪನೋರಲ್ವಾ? ಏನು ಮೀಸೆ! ಮಿಲಿಟರೀಲಿದ್ರು ಅಂತ ಕೇಳಿದ್ದೆ… ಹಿಂದೆ ವಿಮಾನ. ಅದರ ಹಿಂದೆ ತೆಂಗಿನಮರ… ಸಮುದ್ರ… ಯಾವೂರಮ್ಮ ಇದು?

ಹೇಳೇ… ಅದೇ ದ್ವೀಪಾನಾ?

ಹಂಗಾದ್ರೆ ಅವರು ಅದೇ ವಿಮಾನದಲ್ಲಿ ಓಡಾಡಿರ್ತಾರೆ. ಮುದ್ದೆ ಊಟದವರೆಗೂ ಬೇಡ್ವಾ? ಒಂದು ಗಂಟೆ?… ಅಷ್ಟೂ ಇಲ್ವಾ? ನಾನು ನಿದ್ದೆ ಹೋಗಿದ್ನೇನೋ. ನಿದ್ದೇಲೇ ಟೀ ಕುಡಿದೆ. ಆ ಹೆಂಗಸು, ಆ ಕೂಸು… ಅವರನ್ನೂ ನಿದ್ದೇಲೇ ಕಂಡ್ನೇನೋ.

ಬೈಯೋದಾದ್ರೆ ಬೈಯೇ ತಾಯಿ!

ಒಳಗ್ಯಾಕೆ ಹೋದೆ?… ತಾಂಬೂಲಾನಾ? ಇಷ್ಟೆಲ್ಲಾ ಹೇಳಿದ ಮೇಲೂ ಶಾಸ್ತ್ರಕ್ಕೆ ಬಾ ಅಂತ ಕರೀತಿದೀಯಾ? ಎಲೆ, ಅಡಿಕೆ, ಬಾಳೆಹಣ್ಣು… ಈ ಹಸಿರು ಬಳೆ ಯಾಕಮ್ಮ? ಗಂಡ ಸತ್ತೋಳಿಗೆ ಬಳೆ ಕೊಡ್ತಾರಾ? ಈ ಒರಟು ಕೈಗೆ ಹಿಡಿಸೋದೂ ಇಲ್ಲ. ಇದು ಹುಡುಗಿ ಅಳತೆ…

ಹಂಗೆ ನೋಡಬೇಡ.

ನನ್ನ ಅಮ್ಮಾಜಿ ಹೆಸರು ನಾನು ಎತ್ತಲೇ ಇಲ್ವಲ್ಲೇ! ನನಗೊಬ್ಬಳು ಕಡೇ ಮಗಳಿದಾಳೆ, ರಾಮಾಂಜಿ ಅವಳಿಗೇ ಅಂತ ತೊಟ್ಟಿಲಲ್ಲೇ ಮಾತಾಗಿತ್ತು, ಅವನು ಒಲ್ಲೆ ಅಂದ… ಇದೆಲ್ಲಾ ನಿಂಗ್ಯಾರು ಹೇಳಿದ್ರು?

ಕೊಡು. ಕಟ್ಟಿಕೊಡು, ಬಸ್ಸಲ್ಲಿ ಒಡೆದಾವು. ನಾನಿಲ್ಲಿಗೆ ಬಂದಿದ್ದು ಅವಳಿಗೆ ಗೊತ್ತಿಲ್ಲ. ಬಳೆ ಎಲ್ಲೀದಮ್ಮ ಅಂತಾಳೆ… ಏನು ಹೇಳ್ಲಿ?

ವಿಮಾನದಲ್ಲಿ ಕೊಟ್ರು ಅಂತೀನಿ. ಟೀ ಜೊತೆ.