ಕೈ ನೋಡಿ ಹೇಳಿದ ಸ್ವರ

ಗಡಿಯಾರ ನೋಡುತ್ತಲೇ ನನ್ನನ್ನು ಮಾತಿಗೆ ಕರೆದ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಸಂಗೀತ ಶಾಲೆಯ ಶಿಕ್ಷಕರೇ, ಮಕ್ಕಳೇ, ಸಭಿಕರೇ,

ಮೂವತ್ತೆಂಟು ವರ್ಷ ಈ ಶಾಲೆಯ ಪಿಯಾನೋಗಳಿಗೆ ಶ್ರುತಿ ಮಾಡಿದ್ದೇನೆ. ಶ್ರುತಿ ಮಾಡುವವನು ಭಾಷಣ ಮಾಡಬಾರದು. ಮಾಡಿದರೆ ಅಪಸ್ವರವೇ ಗತಿ. ಆದರೂ ನಿವೃತ್ತಿಯ ದಿನ ಒಂದು ತಪ್ಪೊಪ್ಪಿಗೆ ಉಳಿದಿದೆ.

ಕಳೆದ ವರ್ಷ ಇದೇ ವೇದಿಕೆಯಲ್ಲಿ ನಾನು ಏನು ಹೇಳಿದ್ದೆ? ನನ್ನ ಹೆಂಡತಿಗೆ ರಾಗ ಮತ್ತೆ ಕೇಳಿಸುತ್ತಿದೆ ಎಂದಿದ್ದೆ. ನೀವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಅದು ನಿಜವಲ್ಲ.

ಕಿವಿ ಪೂರ್ತಿ ಹೋದ ಮೇಲೆ ಅವಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಗೆ ಕೂರಿಸುವ ಶ್ರವಣ ಸಾಧನ, ಹಾಕಿಸಿದೆವು. ಶ್ರವಣ ತಜ್ಞೆ ಮೊದಲೇ ಹೇಳಿದ್ದರು: "ಮಾತು ತಿಳಿಯುತ್ತೆ, ತಾಳ ತಿಳಿಯುತ್ತೆ. ರಾಗದ ಬಗ್ಗೆ ಭರವಸೆ ಕೊಡೋಕಾಗಲ್ಲ." ನಾನು ಕೇಳಬೇಕಲ್ಲ! ಎಂಬತ್ತೆಂಟು ಕೀಗಳ ಪಿಯಾನೋ ಪಳಗಿಸಿದವನಿಗೆ ಕಿವಿಯೊಳಗಿನ ಇಪ್ಪತ್ತೆರಡು ಎಲೆಕ್ಟ್ರೋಡು ಯಾವ ಲೆಕ್ಕ? ದಿನವೂ ಊಟಕ್ಕೆ ಮುಂಚೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸ್ವರ ನುಡಿಸುತ್ತಿದ್ದೆ. "ಎರಡನೇದು ಮೇಲಾ, ಕೆಳಗಾ?" ಮೊದಮೊದಲು ಬರೀ ತಪ್ಪು. ನನ್ನ ಮುಖ ಸಪ್ಪಗಾಗುತ್ತಿತ್ತು, ಗದರಿದ್ದೂ ಉಂಟು. ತಿಂಗಳೊಳಗೆ ಎಲ್ಲವೂ ಸರಿ. ನಾನು ಊರಿಗೆಲ್ಲ ಡಂಗುರ ಸಾರಿದೆ.

ಕಳೆದ ವರ್ಷದ ಸಭೆಯಾದ ಮೇಲೆ ಒಂದು ದಿನ ಅವಳು ಕೋಣೆಯ ಆ ತುದಿಯಲ್ಲಿ ನನಗೆ ಬೆನ್ನು ಹಾಕಿ ಬಟ್ಟೆ ಮಡಚುತ್ತಿದ್ದಳು. ಅಲ್ಲಿದ್ದಂತೆಯೇ ಪರೀಕ್ಷೆ ಮಾಡಿದೆ. ಹತ್ತಕ್ಕೆ ಆರು ತಪ್ಪು. ಅಷ್ಟು ದಿನ ಅವಳು ನೋಡುತ್ತಿದ್ದದ್ದು ನನ್ನ ಕೈಯನ್ನು. ಬಲಕ್ಕೆ ಸರಿದರೆ ಮೇಲೆ, ಎಡಕ್ಕೆ ಸರಿದರೆ ಕೆಳಗೆ. ಶ್ರುತಿಗಾರನಾದವನಿಗೆ ಇಷ್ಟೂ ಹೊಳೆಯಬೇಡವೇ?

"ಯಾಕೆ ಹೀಗ್ಮಾಡ್ದೆ?" ಎಂದೆ.

"ಮತ್ತೇನ್ ಮಾಡ್ಲಿ? ತಪ್ಪು ಹೇಳಿದ್ರೆ ನೀವು ಸರಿಯಾಗಿ ಊಟಾನೂ ಮಾಡ್ತಿರ್ಲಿಲ್ಲ. ನಂಗೆ ನಿಮ್ಮ ಮಾತು ಕೇಳ್ಸುತ್ತಲ್ಲ, ಅಷ್ಟೇ ಸಾಕಾಗಿತ್ತು. ನಿಮಗೇ ಸಾಕಾಗ್ಲಿಲ್ಲ."

ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಪರೀಕ್ಷೆ ಬಂದ್.

ಮುಂದಿನದು ನನ್ನ ಗೌರವಾರ್ಥ ಮಕ್ಕಳ ವೃಂದಗಾನ. ನಲವತ್ತು ಕಂಠ ಒಟ್ಟಿಗೆ ಎದ್ದರೆ ಅವಳಿಗದು ಪಾತ್ರೆ ಅಂಗಡಿ ಮಗುಚಿದ ಹಾಗೆ. ಕಳೆದ ವರ್ಷ ನನ್ನ ಮರ್ಯಾದೆ ಉಳಿಸಲು ಮೊದಲ ಸಾಲಿನಲ್ಲಿ ಕುಳಿತು ಒಂದು ಗಂಟೆ ತಲೆದೂಗಿದಳು. ಮಕ್ಕಳೇ, ನಿನ್ನೆ ಬಾಗಿಲ ಹೊರಗೆ ನಿಂತು ನಿಮ್ಮ ಅಭ್ಯಾಸ ಪೂರ್ತಿ ಕೇಳಿದ್ದೇನೆ. ಹಿಂದಿನ ಸಾಲಿನವರು ಶ್ರುತಿಯಿಂದ ಚೂರು ಕೆಳಗೆ ಇಳಿಯುತ್ತೀರಿ. ಉಳಿದಂತೆ ಬಹಳ ಚೆನ್ನ. ಬೇಜಾರು ಮಾಡಿಕೊಳ್ಳಬೇಡಿ, ಈಗ ಅವಳು ಎದ್ದು ಹೊರಡುತ್ತಾಳೆ. ಜೊತೆಗೆ ನಾನೂ ಹೊರಡುತ್ತೇನೆ. ಹೊರಗೆ ಬೆಂಚಿನ ಮೇಲೆ ಕುಳಿತು ಮಾತಾಡುತ್ತಿರುತ್ತೇವೆ.

ಇಷ್ಟು ಹೊತ್ತು ಸಹಿಸಿಕೊಂಡಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.