ಗುಡ್ಡದ ಮೇಲಿಂದ ಕಂಡ ಚಂಡಮಾರುತ

ದಯೆಯ ಮಾತು ಬಂತಲ್ಲ, ಒಬ್ಬರ ಕಥೆ ಹೇಳಿಬಿಡುತ್ತೇನೆ. ಗಂಗಾವತಿ ಕಡೆ ಒಬ್ಬ ಸಾಹುಕಾರ ಇದ್ದ, ಅಕ್ಕಿ ಗಿರಣಿಯವನು. ಪಂಪಣ್ಣ ಅಂತ ಇಟ್ಟುಕೊಳ್ಳಿ. ದುಡಿದ, ಗಳಿಸಿದ, ವಯಸ್ಸಾದ ಮೇಲೆ ಗಿರಣಿಯನ್ನು ತಮ್ಮನ ಕೈಗೆ ಕೊಟ್ಟ. ಆಮೇಲೆ ಒಂದು ದೊಡ್ಡ ವ್ಯಾನ್ ತಗೊಂಡು ಅದರೊಳಗೇ ಮನೆ ಮಾಡಿಸಿದ. ಮಂಚ, ಒಲೆ, ಬಚ್ಚಲು, ಕಿಟಕಿಗೆ ಪರದೆ, ಎಲ್ಲಾ. ಹೆಂಡತಿ ಸಂಗಮ್ಮನನ್ನು ಕೂರಿಸಿಕೊಂಡು ದೇಶ ನೋಡೋಕೆ ಹೊರಟ. ಚಂದ ಕಂಡಲ್ಲಿ ನಿಲ್ಲೋದು, ಬೇಜಾರಾದರೆ ಮುಂದೆ ಹೋಗೋದು. ನೋಡಿ, ಎಂಥ ಸುಖ.

ಹೀಗೇ ಆಂಧ್ರದ ಸಮುದ್ರದ ದಂಡೆಗೆ ಬಂದರು. ಚಂಡಮಾರುತ ಬರುತ್ತಿದೆ, ನಾಳೆ ಬೆಳಗ್ಗೆ ದಡ ಮುಟ್ಟುತ್ತೆ ಅಂತ ರೇಡಿಯೋದಲ್ಲಿ ಹೇಳಿದರು. ಪಂಪಣ್ಣ ವ್ಯಾನ್ ತಿರುಗಿಸಿ, ದೂರದ ಗುಡ್ಡ ಹತ್ತಿಸಿ, ಬಂಡೆಯ ಮರೆಯಲ್ಲಿ ನಿಲ್ಲಿಸಿದ. ತಪ್ಪೇನಿದೆ? ಜೀವ ಉಳಿಸಿಕೊಳ್ಳೋದು ತಪ್ಪಲ್ಲ.

ಇಳಿಹೊತ್ತು. ಕುರ್ಚಿ ಹಾಕಿಕೊಂಡು, ಚಹಾ ಹಿಡಿದು ಕೂತ. ದೂರದ ಸಮುದ್ರದ ಮೇಲೆ ಮೋಡ ಎದ್ದು ನಿಂತಿತ್ತು. ಕಪ್ಪು ಅಲ್ಲ, ನೇರಳೆ ಹಣ್ಣಿನ ಬಣ್ಣ. ಅಂಚಿಗೆಲ್ಲ ಬಂಗಾರ. ಒಳಗೆ ಮಿಂಚು ಹೊಳೆಯುತ್ತೆ, ಸದ್ದು ಮಾತ್ರ ಇಲ್ಲ. ಮೋಡ ಬರುತ್ತಿದೆಯೋ ನಿಂತಿದೆಯೋ ತಿಳಿಯದು. ಗುಡ್ಡದ ಹುಲ್ಲೂ ಅಲುಗುತ್ತಿಲ್ಲ. ಅರೆನಿದ್ದೆಯಲ್ಲಿ ಯಾವುದೋ ಊರು ಕಂಡ ಹಾಗೆ ಅವನು ನೋಡುತ್ತಾ ಕೂತ, ನೋಡುತ್ತಾ ನೋಡುತ್ತಾ ಕೈಯಲ್ಲಿದ್ದ ಚಹಾ ಕುಡಿಯೋದನ್ನೂ ಮರೆತ. ಇಂಥದ್ದು ನೋಡೋಕೂ ಪುಣ್ಯ ಮಾಡಿರಬೇಕು ಅಂದುಕೊಂಡ.

ಸಂಗಮ್ಮ ಮೋಡ ನೋಡುತ್ತಿರಲಿಲ್ಲ. ಆಕೆ ಕೆಳಗಿನ ದಾರಿ ನೋಡುತ್ತಿದ್ದಳು. ಮೀನುಗಾರರ ಕೇರಿಯಿಂದ ಜನ ಗಂಟುಮೂಟೆ ಹೊತ್ತು ಬರುತ್ತಿದ್ದರು. ಎಲ್ಲರಿಗಿಂತ ಹಿಂದೆ ಒಬ್ಬಾತ ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತಿದ್ದ. ಸ್ವಲ್ಪ ನಡೆಯುತ್ತಾನೆ, ಇಳಿಸುತ್ತಾನೆ, ಕೂರುತ್ತಾನೆ, ಮತ್ತೆ ಎತ್ತುತ್ತಾನೆ.

ಹೋಗಿ ಕರೆದುಕೊಂಡು ಬರೋಣ ಅಂದಳು. ಪಂಪಣ್ಣ ಏನೇನೋ ಹೇಳಿದ. ಸರಕಾರದವರು ಬರುತ್ತಾರೆ, ನಾವು ಪರ ಊರಿನವರು, ಇಳಿದ ಮೇಲೆ ದಾರಿ ಕಟ್ಟಿದರೆ ನಮ್ಮ ಗತಿ ಏನು ಅಂತೆಲ್ಲ. ನಾವೂ ಇದನ್ನೇ ಹೇಳೋದಲ್ಲವೇ? ಸಂಗಮ್ಮ ವಾದ ಮಾಡಲಿಲ್ಲ.

"ಮೋಡ ಆಮ್ಯಾಲೆ ನೋಡೀರಂತ. ಒಂದು ಸಲ ಅವನ ಕಡೆ ನೋಡ್ರಿ."

ನೋಡಿದ. ಅಷ್ಟೇ. ಮತ್ತೆ ಮೋಡದ ಕಡೆ ಕಣ್ಣು ಹೊರಳಿಸಿದರೂ ಆ ಬಾಗಿದ ಬೆನ್ನೇ ಕಾಣುತ್ತಿತ್ತು. ಆರಿದ ಚಹಾ ಚೆಲ್ಲಿ ಎದ್ದ.

ವ್ಯಾನ್ ಹತ್ತಿ ಗುಡ್ಡ ಇಳಿದ. ಅಷ್ಟೊತ್ತಿಗೆ ಗಾಳಿ ಶುರುವಾಗಿ ವ್ಯಾನ್ ಒಂದು ಕಡೆ ವಾಲುತ್ತಿತ್ತು. ಮುದುಕಿಯನ್ನು ತನ್ನ ಮಂಚದ ಮೇಲೆ ಮಲಗಿಸಿದ. ದಾರಿಯಲ್ಲಿ ಸಿಕ್ಕವರನ್ನು ಹತ್ತಿಸಿಕೊಂಡು ಗುಡ್ಡಕ್ಕೆ ತಂದುಬಿಟ್ಟ. ಉಳಿದವರಿಗಾಗಿ ಮತ್ತೆ ಇಳಿದ, ಮತ್ತೆ ಹತ್ತಿದ. ಸಂಗಮ್ಮ ಇದ್ದ ಅಕ್ಕಿಯನ್ನೆಲ್ಲ ಒಲೆಗಿಟ್ಟಳು. ಮುದುಕಿ ಮೆತ್ತನೆಯ ಹಾಸಿಗೆ ಸವರಿ, ಇದು ಯಾರ ಮನೆಯಪ್ಪಾ ಅಂತ ತೆಲುಗಿನಲ್ಲಿ ಕೇಳಿದಳು. ಗಂಗಾವತಿಯವನಿಗೆ ತೆಲುಗು ಬಾರದೇ? ನಿನ್ನದೇ ಅಮ್ಮ, ಮಲಗು ಅಂದ.

ಇನ್ನು ಕೇಳಿ. ಬೆಳಗಾಗುವಷ್ಟರಲ್ಲಿ ಚಂಡಮಾರುತ ಬೇರೆ ದಿಕ್ಕು ಹಿಡಿದು ಸಮುದ್ರದಲ್ಲೇ ಕರಗಿಹೋಯಿತು. ಒಂದಿಷ್ಟು ಹಂಚು ಹಾರಿದ್ದು ಬಿಟ್ಟರೆ ಕೇರಿಗೆ ಏನೂ ಆಗಲಿಲ್ಲ. ಜನ ಗಂಟು ಎತ್ತಿಕೊಂಡು ಮನೆಗೆ ಹೋದರು. ಊರಿಗೆ ಬಂದ ಮೇಲೆ ತಮ್ಮ ನಕ್ಕ. ಸುಮ್ಮನೆ ಒದ್ದಾಡಿದಿ ಅಣ್ಣಾ, ಗಾಳಿ ತಾನೇ ತಿರುಗಿತಲ್ಲ ಅಂದ.

ಪಂಪಣ್ಣ ಹೇಳಿದ: "ಗಾಳಿ ತಿರುಗಿದ್ದು ಮುಂಜಾನೆ. ನಾ ಹಿಂದಿನ ದಿನಾನೇ ತಿರುಗಿದ್ದೆ."

ಈಗ ನಿಮ್ಮನ್ನು ಕೇಳುತ್ತೇನೆ. ನೀವು ತಿರುಗಿದ್ದೀರಾ? ಟಿವಿಯಲ್ಲಿ ಊರು ಮುಳುಗುತ್ತಿರುತ್ತೆ, ನಾವು ಇನ್ನೊಂದು ರೊಟ್ಟಿ ಹಾಕು ಅನ್ನುತ್ತೇವೆ. ಪಕ್ಕದ ಮನೆಯಲ್ಲಿ ಹೆಣ್ಣುಮಗಳು ಅಳುವ ಸದ್ದು ಬರುತ್ತೆ, ನಾವು ಕಿಟಕಿ ಹಾಕುತ್ತೇವೆ. ರಸ್ತೆಯಲ್ಲಿ ಯಾರೋ ಬಿದ್ದರೆ ಮೊಬೈಲ್ ಎತ್ತುತ್ತೇವೆ, ಬಿದ್ದವರನ್ನು ಎತ್ತೋದಿಲ್ಲ. ದೂರದಿಂದ ನೋಡಿದರೆ ಇನ್ನೊಬ್ಬರ ಕಷ್ಟವೂ ಒಂದು ನೋಟ, ಅಷ್ಟೇ. ಹತ್ತಿರ ಹೋಗಿ. ನಾಳೆ ಅಲ್ಲ, ಇಲ್ಲಿಂದ ಎದ್ದು ಹೋಗುವಾಗಲೇ. ನಿಮ್ಮ ಓಣಿಯಲ್ಲಿ ಯಾರ ಕಷ್ಟ ಗೊತ್ತಿದ್ದೂ ದಿನಾ ದಾಟಿ ಹೋಗುತ್ತೀರೋ, ಅವರ ಬಾಗಿಲು ತಟ್ಟಿ. ಏನು ಬೇಕು ಅಂತ ಕೇಳಿ. ಏನೂ ಬೇಡ ಅಂದರೂ ಚಿಂತೆಯಿಲ್ಲ, ಸ್ವಲ್ಪ ಹೊತ್ತು ಕೂತು ಬನ್ನಿ.