ಸೊಟ್ಟ ಮರದ ಸಸಿಗಳು

ನಂತೂರಿನಲ್ಲಿ ಬಸ್ಸು ಕಾಯುತ್ತಿದ್ದ ಗಿರಿಜಕ್ಕನ ಕಿವಿ ಪಕ್ಕದವರ ಮಾತಿನತ್ತ ಹೊರಳಿತು. ಟೀಚರೊಬ್ಬರ ಬುಟ್ಟಿಯಲ್ಲಿ ಉಪ್ಪುನೀರಿನ ಹೊಳೆಬದಿಗೆ ನೆಡುವ ಕಾಂಡ್ಲಾ ಸಸಿಗಳಿದ್ದವು. ಜೊತೆಗಿದ್ದವನು ಅವನ್ನು ನೋಡಿ ನಕ್ಕ.

"ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಉಂಟಲ್ಲ ಜೆಸ್ಸಿ ಟೀಚರ್!"

"ಒಂದೇ ಮರದ ಬೀಜ, ಇಲ್ಯಾಸ್. ಸೊಟ್ಟ ಮರದ ಸಸಿಗಳನ್ನು ಹಿತ್ತಲಲ್ಲೇ ಬಿಟ್ಟೆ."

"ಹೋದ ವರ್ಷವೂ ಒಂದೇ ಮರದ್ದು. ಏಡಿಗಳಿಗೆ ರುಚಿ ಹತ್ತಿತು, ಒಂದನ್ನೂ ಬಿಡಲಿಲ್ಲ. ಈ ಸಲವೂ ಹೋದರೆ ದಡದ ಜೊತೆ ನನ್ನ ಮನೆಯೂ ಹೊಳೆಗೆ."

"ಸೊಟ್ಟದ್ದನ್ನು ಏಡಿ ತಿನ್ನುವುದಿಲ್ವಾ?"

"ಕೆಲವನ್ನು ತಿಂತದೆ, ಕೆಲವನ್ನು ಮುಟ್ಟಿ ನೋಡಿ ಹಾಗೇ ಬಿಡ್ತದೆ. ಕ್ಲಾಸಿನಲ್ಲಿ ಎಲ್ಲರೂ ಒಬ್ಬನದ್ದೇ ಕಾಪಿ ಹೊಡೆದರೆ ಎಂತ ಆಗ್ತದೆ ಟೀಚರ್?"

"ಅವನು ತಪ್ಪಿದರೆ ಇಡೀ ಕ್ಲಾಸು ಫೇಲ್, ಮಾರಾಯ."

ಬಸ್ಸು ಬಂತು. ಟೀಚರ್ ಹತ್ತಲಿಲ್ಲ. ಅರ್ಧ ಸಸಿಗಳನ್ನು ಇಲ್ಯಾಸನ ಕೈಗಿತ್ತು, ಬುಟ್ಟಿಯಲ್ಲಿ ಖಾಲಿಯಾದ ಜಾಗಕ್ಕೆ ಸೊಟ್ಟ ಮರದವನ್ನು ತರಲು ರಸ್ತೆ ದಾಟಿ ಮನೆಯ ಕಡೆಗೆ ನಡೆದರು.